ಬಾಗಿಲ ಬೆಳಕಿನಲ್ಲಿ ದಾದಿಯ ಫೋಟೋ

ಹಬ್ಬದ ರಜೆ ಮುಗಿದು ತರಗತಿ ಶುರುವಾದ ಮೊದಲ ವಾರ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಪ್ರಯೋಗಕ್ಕಿಂತ ಫೋಟೋ ನೋಡುವುದೇ ಹೆಚ್ಚು. "ಸರ್, ಇದ ನೋಡ್ರಿ" ಎಂದು ಒಬ್ಬೊಬ್ಬರಾಗಿ ಮೊಬೈಲ್ ಮುಂದೆ ಹಿಡಿಯುತ್ತೀರಿ. ಹೊಸ ಬಟ್ಟೆ, ಗೆಳೆಯರ ಗುಂಪು, ಕಿತ್ತೂರು ಕೋಟೆಯ ಮುಂದೆ ಬೈಕಿನ ಮೇಲೆ ಒರಗಿ ನಿಂತ ಪೋಸು. ನಾನು ಪದವಿ ಓದುವಾಗ ಮೂರು ಬೇಸಿಗೆ ರಜೆ ಬೈಲಹೊಂಗಲದ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡಿದವನು ಎಂಬ ಸುದ್ದಿ ನಿಮಗೆ ಯಾರೋ ಹೇಳಿಬಿಟ್ಟಿದ್ದಾರೆ. ಹಾಗಾಗಿ ಪ್ರಕಾಶದ ಪಾಠಕ್ಕಿಂತ ಫೋಟೋದ ಪ್ರಶ್ನೆಗಳೇ ನನ್ನ ಹತ್ತಿರ ಹೆಚ್ಚು ಬರುತ್ತವೆ. ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು "ಅದನ್ನೇ ಬರೆದು ಕೊಡ್ರಿ" ಎಂದಿದ್ದರಿಂದ ಈ ಲೇಖನ.

ನಿಮ್ಮ ಫೋಟೋಗಳನ್ನು ನೋಡಿದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ದಾದಿಯದು ಎಲ್ಲಿ? ಅಜ್ಜನದು ಎಲ್ಲಿ? ನೂರಿಪ್ಪತ್ತು ಚಿತ್ರಗಳಲ್ಲಿ ಹುಡುಕಿದರೆ ಒಂದರ ಮೂಲೆಯಲ್ಲಿ ಅರ್ಧ ಮುಖ ಸಿಗುತ್ತದೆ. "ಅವರು ಒಳಗ ಇದ್ರು ಸರ್" ಎಂಬುದು ಸಾಮಾನ್ಯ ಉತ್ತರ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರ ಫೋಟೋ ಎಂದರೆ ಆಧಾರ್ ಕಾರ್ಡಿನಲ್ಲಿ ಇರುವುದು, ಅಷ್ಟೇ. ಅದು ಎಂಥ ಫೋಟೋ ಎಂದು ನಿಮಗೆ ಗೊತ್ತು. ಸ್ಟುಡಿಯೋದಲ್ಲಿ ಇದ್ದಾಗ ವಾರಕ್ಕೆ ಒಂದೆರಡು ಸಲ ಯಾರಾದರೂ ಮತದಾರರ ಗುರುತಿನ ಚೀಟಿ ಹಿಡಿದು ಬರುತ್ತಿದ್ದರು. "ಅವ್ವ ಹೋಗ್ಯಾಳ್ರಿ. ಇದನ್ನ ದೊಡ್ಡದು ಮಾಡಿ ಕೊಡ್ರಿ" ಎನ್ನುತ್ತಿದ್ದರು. ಬೆರಳಿನ ಉಗುರಿನಷ್ಟು ಇರುವ, ಸೀಲು ಬಿದ್ದ, ಕಪ್ಪು ಬಿಳಿ ಚುಕ್ಕೆಗಳ ಒಂದು ಮುಖವನ್ನು ಎಷ್ಟು ದೊಡ್ಡದು ಮಾಡಿದರೂ ಚುಕ್ಕೆಗಳೇ ದೊಡ್ಡದಾಗುತ್ತವೆ. ಆದ್ದರಿಂದ ಈ ಪಾಠದ ಮನೆಗೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಹಬ್ಬದೊಳಗೆ ನಿಮ್ಮ ಮನೆಯ ಅತಿ ಹಿರಿಯರ ಒಂದು ಒಳ್ಳೆಯ ಭಾವಚಿತ್ರ ತೆಗೆಯಬೇಕು, ಅದೂ ಅವರು ಒಪ್ಪಿದರೆ. ಅದಕ್ಕೆ ಬೇಕಾದ ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ, ಬೇಕಾದ ಸ್ಟುಡಿಯೋ ನಿಮ್ಮ ಮನೆಯಲ್ಲೇ ಇದೆ.

ಹೊಸ್ತಿಲಿನ ಸ್ಟುಡಿಯೋ

ಎರಡನೆಯ ಮಾತು ಉತ್ಪ್ರೇಕ್ಷೆಯಲ್ಲ. ವಿದ್ಯುತ್ ದೀಪ ಬರುವ ಮೊದಲು ಫೋಟೋ ಸ್ಟುಡಿಯೋಗಳನ್ನು ಉತ್ತರ ದಿಕ್ಕಿಗೆ ಗಾಜಿನ ಕಿಟಕಿ ಅಥವಾ ಗಾಜಿನ ಮಾಡು ಇಟ್ಟು ಕಟ್ಟುತ್ತಿದ್ದರು. ಆ ದಿಕ್ಕಿನಿಂದ ನೇರ ಬಿಸಿಲು ಹೆಚ್ಚಾಗಿ ಬೀಳುವುದಿಲ್ಲ, ಆಕಾಶದ ಬೆಳಕು ಮಾತ್ರ ದಿನವಿಡೀ ಒಂದೇ ಸಮನೆ ಬರುತ್ತದೆ. ದೇಗಾಂವ, ಕಿತ್ತೂರು ಸುತ್ತಲಿನ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ದಪ್ಪ ಮಣ್ಣಿನ ಗೋಡೆ, ಕತ್ತಲೆಯ ಪಡಸಾಲೆ, ಒಂದೇ ದೊಡ್ಡ ಬಾಗಿಲು, ಮೇಲೊಂದು ಬೆಳಕಿಂಡಿ. ಫೋಟೋಗ್ರಾಫರ್ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಳಕು ಒಂದೇ ಕಡೆಯಿಂದ ಬರುತ್ತದೆ, ಹಿಂದೆ ಕತ್ತಲು ತಾನಾಗಿಯೇ ಪರದೆಯಾಗುತ್ತದೆ. ಹೊಸ ಆರ್‌ಸಿಸಿ ಮನೆಯಲ್ಲಿ ನಾಲ್ಕೂ ಕಡೆ ಕಿಟಕಿ, ಮೇಲೆ ಎಲ್‌ಇಡಿ ದೀಪ. ಅಲ್ಲಿ ಮೊದಲು ದೀಪ ಆರಿಸಿ, ಒಂದು ಕಿಟಕಿ ಬಿಟ್ಟು ಉಳಿದವಕ್ಕೆ ಪರದೆ ಎಳೆಯಬೇಕು. ಹಳೆಯ ಮನೆಯಲ್ಲಿ ಆ ಕೆಲಸವೂ ಇಲ್ಲ.

ಹೀಗೆ ಮಾಡಿ. ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ ಒಂದು ಕುರ್ಚಿ ಅಥವಾ ಮಣೆ ಹಾಕಿ. ನೇರ ಬಿಸಿಲು ಎಲ್ಲಿಯವರೆಗೆ ಬಿದ್ದಿದೆಯೋ ಅದನ್ನು ದಾಟಿ ಒಳಗಿರಲಿ. ಕುಳಿತವರ ಮುಖ ಪೂರ್ತಿ ಬಾಗಿಲಿಗೂ ಬೇಡ, ಪೂರ್ತಿ ಒಳಗೋಡೆಗೂ ಬೇಡ. ಎರಡರ ನಡುವೆ, ಸುಮಾರು 45 ಡಿಗ್ರಿ ಕೋನದಲ್ಲಿ ಇರಲಿ. ಆಗ ಒಂದು ಕೆನ್ನೆ ಬೆಳಕಿನಲ್ಲಿರುತ್ತದೆ, ಇನ್ನೊಂದು ಕೆನ್ನೆಯ ಮೇಲೆ ನೆರಳು ಮೆಲ್ಲಗೆ ಇಳಿಯುತ್ತದೆ. ನೆರಳು ತೀರ ಕಪ್ಪಾಯಿತು ಎನಿಸಿದರೆ ಆ ಬದಿಗೆ ಒಂದು ಬಿಳಿ ಚಾದರವನ್ನು ತಮ್ಮನೋ ತಂಗಿಯೋ ಹಿಡಿದು ನಿಲ್ಲಲಿ. ಚಾದರ ಹತ್ತಿರ ಬಂದಂತೆ ನೆರಳು ತಿಳಿಯಾಗುವುದನ್ನು ನೀವೇ ನೋಡಬಹುದು. ಸ್ಟುಡಿಯೋದಲ್ಲಿ ಇದೇ ಕೆಲಸಕ್ಕೆ ನಾವು ಬಿಳಿ ಥರ್ಮೋಕೋಲ್ ಹಲಗೆ ಬಳಸುತ್ತಿದ್ದೆವು.

ಈಗ ಸ್ವಲ್ಪ ಭೌತಶಾಸ್ತ್ರ, ಬೇಸರ ಬೇಡ. ಆಕಾಶದಲ್ಲಿ ಸೂರ್ಯ ನಮಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಅಷ್ಟು ಸಣ್ಣ ಆಕರದಿಂದ ಬರುವ ಬೆಳಕು ಚೂಪಾದ ನೆರಳು ಕೊಡುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಳದಲ್ಲಿ ತೆಗೆದ ಫೋಟೋದಲ್ಲಿ ಕಣ್ಣಿನ ಗುಳಿ ಕಪ್ಪಾಗಿ, ಮೂಗಿನ ಕೆಳಗೆ ಮೀಸೆಯಂಥ ನೆರಳು ಬೀಳುವುದು ಇದರಿಂದಲೇ. ಮೂರು ಅಡಿ ಅಗಲದ ಬಾಗಿಲಿನಿಂದ ಮೂರು ಅಡಿ ದೂರ ಕುಳಿತವರಿಗೆ ಆ ಬಾಗಿಲು 50 ಡಿಗ್ರಿಗಿಂತ ಹೆಚ್ಚು ಅಗಲ ಕಾಣುತ್ತದೆ, ಅಂದರೆ ಸೂರ್ಯನ ನೂರು ಪಟ್ಟು. ಬಾಗಿಲಿನ ಒಂದು ತುದಿಯ ಬೆಳಕು ಮಾಡಿದ ನೆರಳನ್ನು ಇನ್ನೊಂದು ತುದಿಯ ಬೆಳಕು ತುಂಬುತ್ತದೆ. ನೀವು ಓದಿದ ಪೂರ್ಣಛಾಯೆ, ಅರೆಛಾಯೆಗಳಲ್ಲಿ ಇಲ್ಲಿ ಅರೆಛಾಯೆಯದೇ ರಾಜ್ಯ. ಇನ್ನು ಹಿಂದಿನ ಕತ್ತಲು. ಬಿಂದು ಆಕರವಾದರೆ ದೂರ ಮೂರು ಪಟ್ಟಾದಾಗ ಬೆಳಕು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಾಗಿಲು ಬಿಂದುವಲ್ಲ, ಹಾಗಾಗಿ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ. ಆದರೂ ದೂರದ ಗೋಡೆಗೆ ಸಿಗುವ ಬೆಳಕು ಮುಖಕ್ಕೆ ಸಿಕ್ಕಿದ್ದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಆ ಗೋಡೆಗೆ ತೂಗಿದ ಕ್ಯಾಲೆಂಡರ್, ಚಾರ್ಜರ್ ವೈರು, ಪ್ಲಾಸ್ಟಿಕ್ ಕೊಡ ಇವು ಯಾವುವೂ ಎದ್ದು ಕಾಣುವುದಿಲ್ಲ.

ಟ್ಯೂಬ್‌ಲೈಟ್ ಆರಿಸುವುದು ಮರೆಯಬೇಡಿ. ಹಗಲು ಬೆಳಕಿನ ಬಣ್ಣ ಬೇರೆ, ದೀಪದ ಬಣ್ಣ ಬೇರೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ.

ಬಿಳಿ ಜುಬ್ಬಾ, ಕಪ್ಪು ಬುರ್ಖಾ

ಈದ್ಗಾದ ಮುಂದೆ ತೆಗೆದ ನಿಮ್ಮ ಚಿತ್ರಗಳಲ್ಲಿ ಜುಬ್ಬಾ, ಟೋಪಿ ಎಲ್ಲ ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಸಾಬೂನು ಕಡಿಮೆಯಾಗಿ ಹಾಗಾದದ್ದಲ್ಲ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ತನ್ನ ಎದುರು ಇರುವುದು ಬಿಳಿಯೋ ಕಪ್ಪೋ ಗೊತ್ತಿಲ್ಲ. ಎದುರಿನ ದೃಶ್ಯ ಸರಾಸರಿಯಲ್ಲಿ ನಡುವಿನ ಬೂದು ಎಂದು ಅದು ಹಿಡಿಯುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಭಾಗ ಹಿಂದೆ ಕಳಿಸುವ ಬೂದು ಅದು ಎಂಬುದು ಫೋಟೋಗ್ರಫಿಯ ಹಳೆಯ ಲೆಕ್ಕ. ಎಲ್ಲ ಬಿಳಿಯೇ ಇದ್ದರೆ "ಬೆಳಕು ಹೆಚ್ಚಾಯಿತು" ಎಂದು ಇಳಿಸಿ ಬೂದಿ ಮಾಡುತ್ತದೆ. ಎಲ್ಲ ಕಪ್ಪೇ ಇದ್ದರೆ "ಬೆಳಕು ಸಾಲದು" ಎಂದು ಏರಿಸುತ್ತದೆ. ಕಪ್ಪು ಬುರ್ಖಾ ತೊಟ್ಟ ಮೂರು ಜನ ಅಕ್ಕತಂಗಿಯರ ಫೋಟೋದಲ್ಲಿ ಬಟ್ಟೆ ಮಾಸಲು ಕಂದಾಗಿ, ಮುಖ ಮಾತ್ರ ಸುಣ್ಣ ಬಳಿದಂತೆ ಆಗುವುದು ಇದೇ ಕಾರಣಕ್ಕೆ. ಈಗಿನ ಫೋನುಗಳು ಮುಖ ಗುರುತಿಸಿ ತುಸು ಸರಿಪಡಿಸಿಕೊಳ್ಳುತ್ತವೆ, ಆದರೆ ಪೂರ್ತಿ ನಂಬಬೇಡಿ.

ಪರಿಹಾರ ಸುಲಭ. ಪರದೆಯ ಮೇಲೆ ಮುಖ ಇರುವಲ್ಲಿ ಬೆರಳು ಒತ್ತಿ. ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲೆ ಕೆಳಗೆ ಸರಿಸಿ ಬೆಳಕು ಹೊಂದಿಸಿ. ಬಿಳಿ ಬಟ್ಟೆಯವರ ಗುಂಪಿಗೆ ಸ್ವಲ್ಪ ಮೇಲೆ, ಕಪ್ಪು ಬಟ್ಟೆಯವರಿಗೆ ಸ್ವಲ್ಪ ಕೆಳಗೆ. ಸಂದೇಹ ಬಂದರೆ ಮುಖದ ಬಣ್ಣವೇ ನಿಮ್ಮ ಅಳತೆಗೋಲು, ಬಟ್ಟೆಯದಲ್ಲ.

ಮುಖದ ಬಣ್ಣ ಎಂದೆನಲ್ಲ, ಅದರ ಹಿಂದೆಯೂ ಒಂದು ಚರಿತ್ರೆ ಇದೆ. ಅಮೆರಿಕದ ಕೊಡಕ್ ಕಂಪನಿ 1950ರ ದಶಕದಲ್ಲಿ ಬಣ್ಣದ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸು. ಅವಳ ಮೈಬಣ್ಣ ಸರಿ ಬಂದರೆ ಯಂತ್ರ ಸರಿ ಎಂದು ಲೆಕ್ಕ. ಆ ಚಿತ್ರಕ್ಕೆ "ಶರ್ಲಿ ಕಾರ್ಡ್" ಎಂದೇ ಹೆಸರು ಬಿತ್ತು. ಕಪ್ಪು, ಕಂದು ಮೈಬಣ್ಣದವರ ಮುಖ ಆ ಯಂತ್ರಗಳಲ್ಲಿ ಎಷ್ಟೋ ವರ್ಷ ಸರಿಯಾಗಿ ಬರುತ್ತಿರಲಿಲ್ಲ. ಬೇರೆ ಬೇರೆ ಮೈಬಣ್ಣದವರನ್ನು ಒಟ್ಟಿಗೆ ಕೂರಿಸಿದ ಕಾರ್ಡ್ ಬಂದದ್ದು 1990ರ ದಶಕದಲ್ಲಿ. ಇಷ್ಟಾದ ಮೇಲೂ ನಮ್ಮ ಫೋನಿನ "ಬ್ಯೂಟಿ" ಫಿಲ್ಟರ್ ಮಾಡುವುದೇನು? ಮೈಬಣ್ಣ ತಿಳಿ ಮಾಡುತ್ತದೆ, ಚರ್ಮವನ್ನು ಮೇಣದಂತೆ ನುಣುಪು ಮಾಡುತ್ತದೆ. ಕೆಲವು ಫೋನುಗಳಲ್ಲಿ ಅದು ಕೊಂಡ ದಿನದಿಂದಲೇ ಚಾಲೂ ಇರುತ್ತದೆ. ಸೆಟ್ಟಿಂಗ್ ತೆಗೆದು ಮೊದಲು ಬಂದ್ ಮಾಡಿ. ಎಪ್ಪತ್ತು ವರ್ಷ ಹೊಲದಲ್ಲಿ ದುಡಿದ ಅಜ್ಜನ ಹಣೆಯ ಗೆರೆಗಳನ್ನು ಅಳಿಸಿದರೆ ಉಳಿಯುವುದು ಅಜ್ಜ ಅಲ್ಲ, ಬೇರೆ ಯಾರೋ.

ಎಷ್ಟು ದೂರ ನಿಲ್ಲಬೇಕು

"ಸೆಲ್ಫಿಯಲ್ಲಿ ನನ್ನ ಮೂಗು ಯಾಕ ಇಷ್ಟು ದೊಡ್ಡದು ಸರ್?" ಎಂದು ದ್ವಿತೀಯ ಪಿಯುಸಿಯ ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಇಡೀ ಬ್ಯಾಚು ನಕ್ಕಿತು. ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಫೋನು ಮೂಗಿನಿಂದ 12 ಇಂಚು ದೂರ ಇದೆ ಎನ್ನಿ. ಕಿವಿ ಮೂಗಿಗಿಂತ ಸುಮಾರು 5 ಇಂಚು ಹಿಂದೆ ಇದೆ, ಅಂದರೆ ಫೋನಿನಿಂದ 17 ಇಂಚು. ದೂರ ಹೆಚ್ಚಾದಂತೆ ವಸ್ತು ಸಣ್ಣದು ಕಾಣುತ್ತದೆ. ಕಿವಿಗೆ ಹೋಲಿಸಿದರೆ ಮೂಗು 17 ಭಾಗಿಸು 12, ಅಂದರೆ ಸುಮಾರು 1.4 ಪಟ್ಟು ಹಿಗ್ಗಿತು. ಈಗ ಆರು ಅಡಿ ಹಿಂದೆ ಸರಿಯಿರಿ. 77 ಭಾಗಿಸು 72, ಅಂದರೆ 1.07. ಮೂಗು ಮತ್ತೆ ತನ್ನ ಜಾಗಕ್ಕೆ ಬಂತು. ಲೆನ್ಸ್ ಕೆಟ್ಟದ್ದು ಎಂದು ಬೈಯುವವರಿಗೆ ನಾನು ಇದೇ ಲೆಕ್ಕ ಕೊಡುತ್ತೇನೆ. ಆಕಾರ ಕೆಡಿಸುವುದು ದೂರ, ಲೆನ್ಸ್ ಅಲ್ಲ. ಭಾವಚಿತ್ರಕ್ಕೆ ಐದಾರು ಅಡಿ ದೂರ ನಿಂತು, ಫೋನಿನಲ್ಲಿ ಎರಡು ಪಟ್ಟಿನ ಲೆನ್ಸ್ ಇದ್ದರೆ ಅದನ್ನು ಬಳಸಿ. ಇಲ್ಲವಾದರೆ ಹಾಗೆಯೇ ತೆಗೆದು ಆಮೇಲೆ ಸುತ್ತ ಕತ್ತರಿಸಿಕೊಳ್ಳಿ. ಕ್ಯಾಮೆರಾ ಕುಳಿತವರ ಕಣ್ಣಿನ ಮಟ್ಟಕ್ಕೆ ಇರಲಿ. ಅವರು ಮಣೆಯ ಮೇಲೆ ಕುಳಿತಿದ್ದರೆ ನೀವೂ ನೆಲದ ಮೇಲೆ ಕೂರಬೇಕು.

ಗುಂಪು ಫೋಟೋಕ್ಕೂ ಇದೇ ತತ್ವ. ಅಗಲದ ಲೆನ್ಸ್ ಇಟ್ಟು ಹತ್ತಿರದಿಂದ ತೆಗೆದರೆ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ. ನಿಮ್ಮ ಫೇರ್‌ವೆಲ್ ಫೋಟೋದ ಎರಡೂ ತುದಿಯವರನ್ನು ನೋಡಿದರೆ ನನ್ನ ಮಾತು ಅರ್ಥವಾಗುತ್ತದೆ. ಹಿಂದೆ ಸರಿಯಿರಿ, ಎರಡೂ ಬದಿ ತುಸು ಜಾಗ ಬಿಡಿ. ಒಂದಲ್ಲ, ಐದಾರು ಸಲ ಒತ್ತಿ, ಯಾಕೆಂದರೆ ಇಪ್ಪತ್ತು ಜನರಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ.

ಕಲ್ಲಿನ ಮುಖಗಳ ಮೇಲೆ ಅಭ್ಯಾಸ

ಮನುಷ್ಯರ ಮುಂದೆ ಅಭ್ಯಾಸ ಮಾಡಿದರೆ ಅವರಿಗೆ ಬೇಸರ ಬರುತ್ತದೆ. ಕಲ್ಲಿಗೆ ಬರುವುದಿಲ್ಲ. ದೇಗಾಂವದ ಕಮಲನಾರಾಯಣ ಗುಡಿ ನಮಗೆ ಕೈಗೆಟುಕುವ ದೂರದಲ್ಲಿದೆ. ಗೋವೆಯ ಕದಂಬರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿ ಇದು. ಶಿಲ್ಪಿಯ ಹೆಸರು ತಿಪ್ಪೋಜ. ಒಂದು ರವಿವಾರ ಬೆಳಗ್ಗೆ ಹೋಗಿ. ಚಪ್ಪಲಿ ಹೊರಗೆ ಬಿಟ್ಟು, ಅಲ್ಲಿ ಇರುವವರನ್ನು ಕೇಳಿಕೊಂಡು, ಕೆತ್ತನೆಯ ಒಂದೇ ಒಂದು ಮುಖ ಆರಿಸಿಕೊಳ್ಳಿ. ಅದನ್ನೇ ಬೆಳಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ಸಂಜೆ ಐದಕ್ಕೆ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಮೂರು ಚಿತ್ರ ಪಕ್ಕಪಕ್ಕ ಇಟ್ಟರೆ ಪಕ್ಕದಿಂದ ಬಿದ್ದ ಬೆಳಕು ಮೂಗು, ತುಟಿ, ಒಡವೆಗಳನ್ನು ಹೇಗೆ ಎತ್ತಿ ತೋರಿಸುತ್ತದೆ ಎಂಬುದು ನಾನು ಹತ್ತು ಪುಟ ಬರೆದರೂ ತಿಳಿಯದಷ್ಟು ಚೆನ್ನಾಗಿ ತಿಳಿಯುತ್ತದೆ.

ನಮ್ಮ ಸೀಮೆಯ ಕಟ್ಟಡಗಳ ಮುಂದೆ ಕ್ಯಾಮೆರಾ ಬಂದು ನಿಂತು ಬಹಳ ಕಾಲವಾಯಿತು. 1855ರಲ್ಲಿ ಮುಂಬೈ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೈನ್ಯದ ಅಧಿಕಾರಿಯನ್ನು ಈ ಕೆಲಸಕ್ಕೇ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳಿಗೆ ಕಳಿಸಿತು. ಅವನ ನೆಗೆಟಿವ್ ಕಾಗದದ್ದು. ಅವನ ನಂತರ ಡಾಕ್ಟರ್ ಪಿಗೋ ಆ ಕೆಲಸ ಮುಂದುವರಿಸಿದ. ಇವರ ಚಿತ್ರಗಳನ್ನು ಸೇರಿಸಿ ಧಾರವಾಡ ಮತ್ತು ಮೈಸೂರು ಸೀಮೆಯ ಶಿಲ್ಪದ ಬಗ್ಗೆ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಎತ್ತಿನ ಗಾಡಿಯ ಮೇಲೆ ಔಷಧದ ಸೀಸೆಗಳು ಸಾಗುತ್ತಿದ್ದ ಕಾಲ. ಒಂದು ಚಿತ್ರಕ್ಕೆ ಅರ್ಧ ದಿನ ಹೋದರೆ ಆಶ್ಚರ್ಯವಿಲ್ಲ. ನಾವು ಒಂದು ನಿಮಿಷದಲ್ಲಿ ನಲವತ್ತು ಸಲ ಒತ್ತುತ್ತೇವೆ, ಆದರೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಲೆ ಎತ್ತಿ ನೋಡುವುದಿಲ್ಲ.

ಕೇಳಿ ತೆಗೆಯುವುದು

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ಕಷ್ಟದ್ದು ಎದುರಿಗೆ ಕುಳಿತವರ ಮನಸ್ಸು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ಲೈಫ್‌ನಂಥ ಪತ್ರಿಕೆಗೆ ಚಿತ್ರ ಕಳಿಸಿದವರು. ಯುನಿಸೆಫ್‌ಗಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನ ಕೆಲಸಕ್ಕಾಗಿ ಹಳ್ಳಿಹಳ್ಳಿ ತಿರುಗಿದವರು. ಮಕ್ಕಳ ವರ್ಷವಾಗಿದ್ದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಇರುವವರು ಬಹುಪಾಲು ಸಾಮಾನ್ಯ ಜನ: ಶಾಲೆಯ ಹುಡುಗರು, ದುಡಿಯುವ ಹೆಂಗಸರು, ಆಡುವ ಮಕ್ಕಳು. ಯಾರೂ ಕ್ಯಾಮೆರಾಕ್ಕೆ ಹೆದರಿ ಸೆಟೆದು ನಿಂತಂತೆ ಕಾಣುವುದಿಲ್ಲ. ಇದು ಕ್ಯಾಮೆರಾದಿಂದ ಬರುವ ಗುಣವಲ್ಲ. ಹತ್ತಿರ ಕುಳಿತು ಮಾತಾಡಿಸುವುದರಿಂದ ಬರುವುದು.

ಹಿರಿಯರಿಗೆ "ನಗ್ರಿ, ನಗ್ರಿ" ಎಂದು ಒತ್ತಾಯ ಮಾಡಬೇಡಿ. ಅವರ ಕೈಗೆ ಪರಿಚಯದ ಕೆಲಸ ಕೊಡಿ: ಎಲೆ ಅಡಿಕೆ ಚೀಲ, ತಸ್ಬೀಹ್, ಸೋಸುವ ಅಕ್ಕಿಯ ಮೊರ, ಮೊಮ್ಮಗು. ಯಾವುದಾದರೂ ಹಳೆಯ ಮಾತು ತೆಗೆಯಿರಿ. "ದಾದಿ, ನೀವು ಮದುವಿ ಆಗಿ ಬಂದಾಗ ಈ ಮನಿ ಹೆಂಗ ಇತ್ರಿ?" ಎಂದರೆ ಸಾಕು, ಮುಖ ತಾನಾಗಿಯೇ ಸಡಿಲಾಗುತ್ತದೆ. ಮಾತು ಮುಗಿದು ಅವರು ಸುಮ್ಮನಾಗಿ ಬಾಗಿಲ ಕಡೆ ನೋಡುವ ಒಂದು ಗಳಿಗೆ ಬರುತ್ತದೆ. ಅಲ್ಲಿ ಒತ್ತಿ.

ಬೇಡ ಎಂದವರದ್ದು ಬೇಡ. ನಮ್ಮಲ್ಲಿ ಫೋಟೋ ತೆಗೆಸಿಕೊಳ್ಳುವುದನ್ನು ಧಾರ್ಮಿಕ ಕಾರಣಕ್ಕೆ ಒಪ್ಪದ ಹಿರಿಯರು ಇದ್ದಾರೆ. ತೆಗೆಸಿಕೊಂಡರೂ ಗೋಡೆಗೆ ಹಾಕಬೇಡಿ ಎನ್ನುವವರು ಇದ್ದಾರೆ. ವಾದ ಮಾಡಿ ಗೆಲ್ಲುವ ವಿಷಯ ಇದಲ್ಲ. ಅವರು ಮಲಗಿದ್ದಾಗ, ಮರೆಯಲ್ಲಿ ನಿಂತು ತೆಗೆಯುವುದಂತೂ ಕೂಡದು. ಹೋದ ವರ್ಷ ನಮ್ಮ ಒಬ್ಬಳು ವಿದ್ಯಾರ್ಥಿನಿಯ ನಾನಿ "ಮುಖ ಬ್ಯಾಡ" ಎಂದರಂತೆ. ಆಕೆ ನಾನಿಯ ಕೈಗಳನ್ನು ಮಾತ್ರ ತೆಗೆದಳು. ಹಬ್ಬದ ಮುಂಚಿನ ದಿನ ಶಾವಿಗೆ ಹುರಿಯುತ್ತಿರುವ ಕೈಗಳು, ಒಂದು ಹಳೆಯ ಬೆಳ್ಳಿ ಉಂಗುರ, ಬಾಣಲೆಯಿಂದ ಏಳುವ ಹಬೆ, ಹಿಂದಿನ ಕಿಟಕಿಯ ಬೆಳಕು. ನಾನಿಯೇ ಅದನ್ನು ನೋಡಿ "ಇದು ಇರಲಿ" ಎಂದರಂತೆ. ಈ ವರ್ಷ ನನಗೆ ತೋರಿಸಿದ ನೂರಾರು ಚಿತ್ರಗಳಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಅದು.

ಇನ್ನೊಂದು ಮಾತನ್ನು ಹುಡುಗರಿಗೆ ನೇರವಾಗಿಯೇ ಹೇಳುತ್ತೇನೆ. ತೆಗೆಯಲು ಒಪ್ಪಿದ್ದು ಬೇರೆ, ಹಂಚಲು ಒಪ್ಪಿದ್ದು ಬೇರೆ. ಅಕ್ಕ ಮನೆಯೊಳಗೆ ದುಪಟ್ಟಾ ಸರಿಸಿ ನಗುತ್ತ ಕುಳಿತ ಫೋಟೋ ಮನೆಯವರಿಗಾಗಿ. ಅದನ್ನು ನಿಮ್ಮ ಸ್ಟೇಟಸ್‌ಗೆ ಹಾಕಿದರೆ ನಿಮ್ಮ ಇನ್ನೂರು ಜನ ಗೆಳೆಯರು ನೋಡುತ್ತಾರೆ, ಅವರಲ್ಲಿ ಯಾರು ಉಳಿಸಿಕೊಂಡರು ಎಂಬುದು ನಿಮಗೆ ತಿಳಿಯುವುದಿಲ್ಲ. ಗುಂಪು ಫೋಟೋ ಹಾಕುವ ಮೊದಲು ಅದರಲ್ಲಿರುವ ಪ್ರತಿಯೊಬ್ಬರನ್ನೂ ಕೇಳಿ. ಒಬ್ಬರು ಬೇಡ ಎಂದರೂ ಬೇಡ. ಈ ಒಂದು ನಿಯಮ ಪಾಲಿಸಿದ್ದರೆ ತಪ್ಪುತ್ತಿದ್ದ ಜಗಳಗಳು, ಅಷ್ಟೇ ಏಕೆ, ನಿಂತುಹೋಗದೆ ಇರುತ್ತಿದ್ದ ಹುಡುಗಿಯರ ಓದು ನನಗೆ ಗೊತ್ತು. ಹೆಚ್ಚು ಬರೆಯುವುದಿಲ್ಲ.

ಹಬ್ಬದ ದಿನದ ವೇಳಾಪಟ್ಟಿ

ಈದ್ ದಿನ ನಮಾಜು ಮುಗಿಸಿ ಮನೆಗೆ ಬಂದ ಅರ್ಧ ಗಂಟೆಯೇ ಒಳ್ಳೆಯ ಸಮಯ. ಬಟ್ಟೆ ಇಸ್ತ್ರಿ ಮುರಿದಿರುವುದಿಲ್ಲ, ಬಿಸಿಲು ಇನ್ನೂ ಓರೆ ಇರುತ್ತದೆ, ಎಲ್ಲರೂ ಒಂದೆಡೆ ಇರುತ್ತಾರೆ. ಊಟವಾದ ಮೇಲೆ ಎಂದು ಮುಂದೂಡಿದರೆ ಒಬ್ಬರು ಮಲಗಿರುತ್ತಾರೆ, ಒಬ್ಬರು ಬಂಧುಗಳ ಮನೆಗೆ ಹೋಗಿರುತ್ತಾರೆ. ಅಡುಗೆ ಮನೆಯಲ್ಲಿ ಇರುವ ಅಮ್ಮಿಯನ್ನು ಕರೆಯುವುದು ಮರೆಯಬೇಡಿ. ಎಲ್ಲರ ಫೋಟೋದಲ್ಲಿ ಎಲ್ಲರೂ ಇರುತ್ತಾರೆ, ಅಡುಗೆ ಮಾಡಿದವರು ಇರುವುದಿಲ್ಲ. ಫೋಟೋ ತೆಗೆಯುವವರೂ ಇರುವುದಿಲ್ಲ. ಅದಕ್ಕೆ ಟೈಮರ್ ಇದೆ.

ಅಕ್ಟೋಬರ್ 23ರಿಂದ ಮೂರು ದಿನ ನಡೆಯುವ ಕಿತ್ತೂರು ಉತ್ಸವದಲ್ಲಿ ಮಧ್ಯಾಹ್ನ ತಿರುಗುವುದಕ್ಕಿಂತ ಸಂಜೆ ನಾಲ್ಕೂವರೆಯ ಮೇಲೆ ಕೋಟೆಯ ಗೋಡೆಯ ನೆರಳಿನಲ್ಲಿ ಗೆಳೆಯರನ್ನು ನಿಲ್ಲಿಸಿ. ಮೊಹರಮ್ ರಾತ್ರಿ ಅಲಾಯಿ ಕುಣಿಯ ಬೆಂಕಿಯ ಮುಂದೆ ಫ್ಲ್ಯಾಶ್ ಬೇಡ. ಫ್ಲ್ಯಾಶ್ ಹೊಡೆದರೆ ಬೆಂಕಿಯ ಬೆಳಕೇ ಸತ್ತುಹೋಗುತ್ತದೆ. ಫೋನನ್ನು ಗೋಡೆಗೋ ಕಂಬಕ್ಕೋ ಆನಿಸಿ ಹಿಡಿದರೆ ಕೈನಡುಕ ಇರುವುದಿಲ್ಲ. ಜಾತ್ರೆ, ಉರುಸು, ಕಾರಹುಣ್ಣಿಮೆ ಎಲ್ಲದಕ್ಕೂ ಇದೇ ಮಾತು.

ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷೆ ಅರ್ಜಿಗಳಿಗೆ ಬೇಕಾದ ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನೂ ಮನೆಯಲ್ಲೇ ತೆಗೆಯಬಹುದು. ಸುಣ್ಣದ ಗೋಡೆಯಿಂದ ಮೂರು ಅಡಿ ಮುಂದೆ ನಿಲ್ಲಿ, ಆಗ ನೆರಳು ಗೋಡೆಯ ಮೇಲೆ ಬೀಳುವುದಿಲ್ಲ. ಇಲ್ಲಿ ಮುಖ ನೇರವಾಗಿ ಬಾಗಿಲಿಗೆ ಇರಲಿ, ಓರೆ ಬೆಳಕು ಬೇಡ. ಅಳತೆ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಹಿಜಾಬ್ ಧರಿಸುವವರು ಗದ್ದದ ಕೆಳಗಿನಿಂದ ಹಣೆಯ ಮೇಲಿನವರೆಗೆ, ಮುಖದ ಎರಡೂ ಅಂಚು ಕಾಣುವಂತೆ ಸರಿಪಡಿಸಿಕೊಂಡರೆ ಪಾಸ್‌ಪೋರ್ಟ್ ಅರ್ಜಿಗೂ ನಡೆಯುತ್ತದೆ.

ನೀರಿನಿಂದ ಉಳಿಸಿದ್ದು

ಕೊನೆಯದಾಗಿ, ತೆಗೆದ ಮೇಲಿನ ಮಾತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಗೆ ಮಹಾಪೂರ ಬಂದು, ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಟ್ಟಾಗ ಸವದತ್ತಿ ತಾಲೂಕಿನ ಮುನವಳ್ಳಿ, ರಾಮದುರ್ಗ ಊರು ಮತ್ತು ಅದರ ಕೆಳಗಿನ ಹಳ್ಳಿಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ರಾಮದುರ್ಗದ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಫ್ರೇಮ್ ತಂದ. "ಸರ್, ನಮ್ಮ ದಾದಾಂದು ಇದೊಂದ ಐತ್ರಿ." ಗಾಜಿನ ಒಳಗೆ ಕೆಸರು, ಫೋಟೋ ಗಾಜಿಗೆ ಅಂಟಿಕೊಂಡಿತ್ತು. ದಾದಾ ಯೌವನದಲ್ಲಿ ಕುರ್ಚಿಯ ಮೇಲೆ ಕೈಯಿಟ್ಟು ನಿಂತ ಕಪ್ಪುಬಿಳುಪು ಚಿತ್ರ. ಎಳೆದು ಬಿಡಿಸಿದ್ದರೆ ಮುಖವೇ ಗಾಜಿಗೆ ಉಳಿದುಬಿಡುತ್ತಿತ್ತು. ಹಿಂದಿನ ರಟ್ಟು ಮಾತ್ರ ತೆಗೆದು, ಗಾಜಿನ ಸಮೇತ ತಣ್ಣೀರಿನಲ್ಲಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ಗಾಜಿನ ಮೂಲಕವೇ ಪ್ರತಿ ತೆಗೆದೆವು. ಎಡಗೈ ಮತ್ತು ಕುರ್ಚಿಯ ಕಾಲು ಹೋಗಿದ್ದವು. ಮುಖ ಉಳಿದಿತ್ತು.

ಮತ್ತೆ ಮಳೆಗಾಲ ಬರುತ್ತದೆ, ಆದ್ದರಿಂದ ಇದನ್ನು ತಿಳಿದಿಡಿ. ಹಳೆಯ ಸ್ಟುಡಿಯೋ ಪ್ರಿಂಟುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿದ್ದರೆ ಒಣಗುವ ಮುಂಚೆಯೇ ಶುದ್ಧ ತಣ್ಣೀರಿನಲ್ಲಿ ಅರ್ಧ ಗಂಟೆ ಬಿಡಿ, ತಾವಾಗಿ ಸಡಿಲಾದ ಮೇಲೆ ಬಿಡಿಸಿ. ಚಿತ್ರವಿರುವ ಬದಿಯನ್ನು ಬೆರಳಿನಿಂದ ಮುಟ್ಟಬಾರದು, ಒರೆಸಬಾರದು. ಹತ್ತಿ ಬಟ್ಟೆಯ ಮೇಲೆ ಮುಖ ಮೇಲಾಗಿ ಇಟ್ಟು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸುರುಳಿಯಾಗುತ್ತವೆ. ಎರಡು ದಿನ ಒದ್ದೆ ಉಳಿದರೆ ಬೂಸು ಹಿಡಿಯಲು ಶುರುವಾಗುತ್ತದೆ. ಅಷ್ಟರಲ್ಲಿ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟು ಆಮೇಲೆ ಸಾವಕಾಶವಾಗಿ ಮಾಡಬಹುದು. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದವನ್ನು ಮಾತ್ರ ನೀರಿಗೆ ಹಾಕಬೇಡಿ, ಬಣ್ಣ ಹರಿಯುತ್ತದೆ.

ನೀರು ಬರುವ ಮೊದಲೇ ಪ್ರತಿ ಮಾಡಿಟ್ಟುಕೊಳ್ಳುವುದು ಇನ್ನೂ ಸುಲಭ. ಹಳೆಯ ಫೋಟೋವನ್ನು ಬಾಗಿಲ ಬಳಿ ಮೇಜಿನ ಮೇಲೆ ಮಲಗಿಸಿ. ಫೋನು ಅದಕ್ಕೆ ಸರಿಯಾಗಿ ಮೇಲೆ, ಸಮಾನಾಂತರ ಇರಲಿ. ಬೆಳಕು ಪಕ್ಕದಿಂದ ಬರಲಿ, ಫ್ಲ್ಯಾಶ್ ಬೇಡ. ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಕಂಡರೆ ಒಂದು ಕಪ್ಪು ಬಟ್ಟೆಗೆ ತೂತು ಮಾಡಿ, ಅದರ ಮೂಲಕ ಲೆನ್ಸ್ ಇಡಿ. ಯಾರಿಗಾದರೂ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗುತ್ತದೆ. 4 ಇಂಚು 6 ಇಂಚಿನ ಒಳ್ಳೆಯ ಪ್ರಿಂಟಿಗೆ 1200 ಅಡ್ಡ, 1800 ಉದ್ದ ಬಿಂದುಗಳು ಸಾಕು, ಯಾವ ಫೋನಿನಲ್ಲೂ ಅಷ್ಟು ಇರುತ್ತದೆ. ವರ್ಷಕ್ಕೆ ನಾಲ್ಕಾದರೂ ಪ್ರಿಂಟ್ ಹಾಕಿಸಿ. ಹಿಂದೆ ಮೆತ್ತಗಿನ ಪೆನ್ಸಿಲ್‌ನಿಂದ ಹೆಸರು, ಊರು, ಇಸವಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಬದಿಗೆ ಗುರುತು ಏಳುತ್ತದೆ. ನಮ್ಮ ಮನೆಯ ಟ್ರಂಕಿನಲ್ಲಿ ಹನ್ನೊಂದು ಜನ ನಿಂತ ಒಂದು ಮದುವೆ ಫೋಟೋ ಇದೆ. ಏಳು ಜನರ ಹೆಸರು ನಮ್ಮ ತಾಯಿಗೆ ಗೊತ್ತಿದೆ. ಉಳಿದ ನಾಲ್ವರು ಯಾರೆಂದು ಹೇಳಬಲ್ಲವರು ಈಗ ಇಲ್ಲ.

ವಾರ್ಷಿಕ ಪರೀಕ್ಷೆಯವರೆಗೆ ಪ್ರತಿ ಶನಿವಾರ ಕೊನೆಯ ಅವಧಿಯ ನಂತರ ಪ್ರಯೋಗಾಲಯದ ಪೂರ್ವದ ಕಿಟಕಿಯ ಬಳಿ ಮೇಜು, ಕಪ್ಪು ಬಟ್ಟೆ, ಸ್ಟ್ಯಾಂಡು ಸಿದ್ಧ ಇರುತ್ತವೆ. ಮನೆಯವರನ್ನು ಕೇಳಿ ಹಳೆಯ ಫೋಟೋ ತರಬಹುದು. ಫ್ರೇಮಿನಿಂದ ನೀವೇ ಬಿಚ್ಚಬೇಡಿ, ಹಾಗೆಯೇ ತನ್ನಿ.